ಆಮೇಲೆ ಹಚ್ಚಿದ ಕೆಂಪು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಒಂಬತ್ತನೇ ತರಗತಿ ಮುಗಿಯುವ ಮೊದಲೇ ಶಾಲೆ ಬಿಟ್ಟವಳು, ಆದ್ದರಿಂದ ಮಾತೂ ಅಷ್ಟಕ್ಕಷ್ಟೇ. ದೊಡ್ಡ ಮಾತು ಬೇಕಾದ ಕಡೆ ಸಿಕ್ಕಿದ ಸಣ್ಣ ಮಾತನ್ನೇ ಇಟ್ಟಿದ್ದೇನೆ. ಇದು ನನ್ನ ಚಿಕ್ಕಮ್ಮನ ವಿಷಯ. ಬರೆಯಲಾ ಅಂತ ಕೇಳಿದಾಗ ಅವಳು, "ಬರಿ. ಆದ್ರೆ ನನ್ನನ್ನ ಒಳ್ಳೆಯವಳು ಮಾಡ್ಬೇಡ" ಅಂದಳು. ಅವಳು ಹೇಳಿದ ಹಾಗೇ ಬರೆಯಲು ನೋಡಿದ್ದೇನೆ.

ಚಿಕ್ಕಮ್ಮ ಕಟ್ಟಡಗಳಲ್ಲಿ ನೆಟ್‌ವರ್ಕ್ ಕೇಬಲ್ ಎಳೆಯುವವಳು. ಛಾವಣಿಯ ಕೆಳಗೆ ಹಾಕಿರುವ ತೆಳ್ಳನೆಯ ಹಲಗೆಯನ್ನು ಸರಿಸಿ, ಸೊಂಟದವರೆಗೆ ಒಳಗೆ ನುಗ್ಗಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ತಂತಿ ದಾಟಿಸುತ್ತಾಳೆ. ಕೆಳಗೆ ನಿಂತವರಿಗೆ ಏಣಿಯ ಮೇಲೆ ಎರಡು ಕಾಲು ಮಾತ್ರ ಕಾಣುತ್ತದೆ. ಅದಕ್ಕೇ ಕೆಲಸದ ಕಡೆ ಎಲ್ಲರೂ ಅವಳನ್ನು ಹಲ್ಲಿ ಅನ್ನುತ್ತಾರೆ. ಅವಳಿಗೇನೂ ಬೇಸರವಿಲ್ಲ. "ಅನ್ನಿ, ಆದ್ರೆ ಬಾಲ ಮಾತ್ರ ಹುಡುಕ್ಬೇಡಿ" ಅಂತ ನಗುತ್ತಿದ್ದಳು.

ಅವಳ ಕೆಲಸವನ್ನು ಸ್ವಲ್ಪ ಹೇಳದಿದ್ದರೆ ಅವಳ ತಪ್ಪು ಅರ್ಥವಾಗುವುದಿಲ್ಲ. ದೊಡ್ಡ ಕೋಣೆಗಳ ಛಾವಣಿಯಲ್ಲಿ ಬಿಳಿ ತಟ್ಟೆಯ ಹಾಗೆ ಅಂಟಿಕೊಂಡಿರುತ್ತದಲ್ಲ, ಅದು ವೈಫೈ ಡಬ್ಬಿ. ಅದಕ್ಕೂ ಕರೆಂಟು ಬೇಕು. ಆದರೆ ಛಾವಣಿಯಲ್ಲಿ ಪ್ಲಗ್ ಪಾಯಿಂಟು ಯಾರು ಇಟ್ಟಿರುತ್ತಾರೆ? ಅದಕ್ಕಾಗಿ ಇಂಟರ್ನೆಟ್ಟು ಬರುವ ಕೇಬಲ್ಲಿನಲ್ಲೇ ಕರೆಂಟನ್ನೂ ಕಳಿಸುತ್ತಾರೆ. ಕಳಿಸುವುದರಲ್ಲಿ ಎರಡು ಬಗೆ. ಒಳ್ಳೆಯ ಪೆಟ್ಟಿಗೆ ಮೊದಲು ಆ ತುದಿಯಲ್ಲಿ ಯಾರಿದ್ದಾರೆ ಅಂತ ವಿಚಾರಿಸುತ್ತದೆ. ಕರೆಂಟು ಬೇಕು ಅನ್ನುವ ಉತ್ತರ ಬಂದರೆ ಮಾತ್ರ ಕೊಡುತ್ತದೆ. ಇನ್ನೊಂದು ಅಗ್ಗದ್ದು, ಇಟ್ಟಿಗೆಯಷ್ಟು ದಪ್ಪ ಇರುವ ಇಂಜೆಕ್ಟರ್. ಅದು ಕೇಳುವುದೂ ಇಲ್ಲ, ನೋಡುವುದೂ ಇಲ್ಲ, ಸುಮ್ಮನೆ ತಳ್ಳುತ್ತದೆ. ಚಿಕ್ಕಮ್ಮ ಹೇಳುವ ಹಾಗೆ, ಒಂದು 'ಬಡಿಸಲಾ' ಅಂತ ಕೇಳಿ ಬಡಿಸುವವಳು, ಇನ್ನೊಂದು ಎಲೆಗೆ ಕೈ ಅಡ್ಡ ಹಿಡಿದರೂ ಕೈಮೇಲೇ ಸುರಿಯುವವಳು. ಆ ಎರಡನೆಯದರ ತುದಿಗೆ ವೈಫೈ ಡಬ್ಬಿಯ ಬದಲು ಬೇರೆ ಯಂತ್ರ ಚುಚ್ಚಿದರೆ ಯಂತ್ರ ಸುಟ್ಟೇ ಹೋಗಬಹುದು.

ನೋಡಲು ಎರಡೂ ಕೇಬಲ್ಲು ಒಂದೇ ಥರ, ತುದಿಯ ಪ್ಲಗ್ಗೂ ಒಂದೇ ಥರ. ಆದ್ದರಿಂದ ಚಿಕ್ಕಮ್ಮ ಒಂದು ಪದ್ಧತಿ ಇಟ್ಟುಕೊಂಡಿದ್ದಳು. ಕೇಳದೆ ತಳ್ಳುವ ಕೇಬಲ್ಲಿನ ಪ್ಲಗ್ಗಿಗೆ ಕೆಂಪು ಉಗುರುಬಣ್ಣ ಹಚ್ಚುವುದು. ಅವಳ ಚೀಲದಲ್ಲಿ ಸದಾ ಒಂದು ಶೀಶೆ ಇರುತ್ತಿತ್ತು. ಉಗುರಿಗೆ ಮಾತ್ರ ಒಂದು ದಿನವೂ ಹಚ್ಚಿಕೊಂಡವಳಲ್ಲ. ಕೆಲಸ ಮುಗಿಸಿ ಹೊರಡುವಾಗ ಅಲ್ಲಿದ್ದವರಿಗೆಲ್ಲ ಒಂದೇ ಮಾತು: "ಕೆಂಪು ಮುಟ್ಬೇಡಿ, ಬರೀದು ಬೇಕಾದ್ರೆ ಚುಚ್ಚಿ."

ಊರಿನ ದೊಡ್ಡ ಗ್ರಂಥಾಲಯದಲ್ಲೂ ಹೀಗೇ ಹೇಳಿದ್ದಳು.

ಆ ಗ್ರಂಥಾಲಯದ ಕೆಳಮಹಡಿಯಲ್ಲಿ ಕಣ್ಣು ಕಾಣದವರಿಗಾಗಿ ಒಂದು ಕೋಣೆ ಇದೆ. ಅಲ್ಲಿ ಓದುವ ಯಂತ್ರ ಇತ್ತು. ಅದರ ಗಾಜಿನ ಮೇಲೆ ಪುಸ್ತಕ ಮಗುಚಿಟ್ಟರೆ ಹೆಣ್ಣುದನಿಯಲ್ಲಿ ಗಟ್ಟಿಯಾಗಿ ಓದುತ್ತಿತ್ತು. ಬೆಳಿಗ್ಗೆ ಇಂಟರ್ನೆಟ್ಟಿನಿಂದ ಆ ದಿನದ ಪತ್ರಿಕೆಯನ್ನು ತಾನೇ ತರಿಸಿಕೊಂಡು ಅದನ್ನೂ ಓದುತ್ತಿತ್ತು. ಉಸಿರು ತೆಗೆದುಕೊಳ್ಳದೆ ಮಾತಾಡುತ್ತದೆ ಅಂತ ಅಲ್ಲಿಗೆ ಬರುವವರು ಅದಕ್ಕೆ ಅತ್ತಿಗೆ ಅಂತ ಹೆಸರಿಟ್ಟಿದ್ದರು.

ಆ ಕೋಣೆಯನ್ನು ನೋಡಿಕೊಳ್ಳುವವರು ಒಬ್ಬರು ನಡುವಯಸ್ಸಿನವರು. ಯಾರು ಜೋರಾಗಿ ಮಾತಾಡಿದರೂ ತುಟಿಗೆ ಬೆರಳಿಟ್ಟು ಶ್ಶ್ ಅನ್ನುವುದರಿಂದ ಅವರು ಎಲ್ಲರಿಗೂ ಶ್ಶಣ್ಣ. ಕಾಣದವರ ಮುಂದೆ ತುಟಿಗೆ ಬೆರಳಿಟ್ಟು ಏನು ಪ್ರಯೋಜನ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅತ್ತಿಗೆಗೆ ಬಾರದ ಒಂದು ಕೆಲಸ ಶ್ಶಣ್ಣನಿಗೆ ಬರುತ್ತಿತ್ತು. ಪತ್ರಿಕೆಯಲ್ಲಿ ಚಿತ್ರ ಬಂದರೆ ಅದರಲ್ಲಿ ಏನಿದೆ ಅಂತ ಹೇಳುವುದು. ಓಟದಲ್ಲಿ ಗೆದ್ದ ಹುಡುಗಿಯ ರಿಬ್ಬನ್ನು ಎಂಥ ನೀಲಿ, ನೆರೆ ನೀರು ಹಾಲು ಹಾಕಿದ ಚಹಾದ ಬಣ್ಣವೋ ಹಾಲಿಲ್ಲದ್ದೋ, ಎಲ್ಲ ಹೇಳುತ್ತಿದ್ದರು. ಅಲ್ಲಿಗೆ ದಿನಾ ಬರುವ ಒಬ್ಬ ಅಜ್ಜ ಇದ್ದಾರೆ. ಹಿಂದೆ ಟೆಲಿಫೋನ್ ಆಪರೇಟರ್ ಆಗಿದ್ದವರು, ಹುಟ್ಟಿನಿಂದಲೂ ಕಣ್ಣಿಲ್ಲ. ಅವರು ಹೇಳುತ್ತಿದ್ದರಂತೆ, "ನೀಲಿ ಅಂದ್ರೇನು ಅಂತ ನಂಗೊತ್ತಿಲ್ಲ. ಆದ್ರೆ ಇವನು ಹೇಳಿದ್ರೆ ಅದು ನೀಲೀನೇ."

ಆ ಕೋಣೆಯ ವೈಫೈ ಡಬ್ಬಿಯನ್ನು ಕಿಟಕಿಯ ಕಡೆಗೆ ಸರಿಸಬೇಕಿತ್ತು. ಗ್ರಂಥಾಲಯದ ಒಳ್ಳೆಯ ಪೆಟ್ಟಿಗೆಯಲ್ಲಿ ಜಾಗ ಖಾಲಿ ಇರಲಿಲ್ಲ, ಆದ್ದರಿಂದ ಈ ಕೋಣೆಗೆ ಇಂಜೆಕ್ಟರೇ ಗತಿಯಾಗಿತ್ತು. ಚಿಕ್ಕಮ್ಮ ಹಳೆಯ ಜಾಗದಿಂದ ಡಬ್ಬಿ ಬಿಚ್ಚಿದಳು. ಕೇಬಲ್ಲನ್ನು ಹೊಸ ತೂತಿನಿಂದ ಕೆಳಗೆ ಎಳೆಯುವಾಗ ಪ್ಲಗ್ಗು ಸಿಕ್ಕಿಕೊಂಡು ಅದರ ಕೊಂಡಿ ಮುರಿಯಿತು. ಅವಳು ಆ ಪ್ಲಗ್ಗನ್ನು ಕತ್ತರಿಸಿ ಎಸೆದು ಹೊಸದನ್ನು ಹಾಕಿದಳು. ಡಬ್ಬಿ ಇನ್ನೂ ಕೂರಿಸಿರಲಿಲ್ಲ, ಅಷ್ಟರಲ್ಲಿ ಫೋನು ಬಂತು. ಒಂದು ಹೋಟೆಲಿನಲ್ಲಿ ಇಂಟರ್ನೆಟ್ಟು ನಿಂತಿದೆ, ಈಗಲೇ ಬನ್ನಿ ಅಂತ. ಇಂಜೆಕ್ಟರನ್ನು ಆರಿಸಿ ಹೋಗಬೇಕಿತ್ತು. ಅದು ಇದ್ದ ಅಲಮಾರಿಯ ಬೀಗದಕೈ ಮೇಡಂ ಹತ್ತಿರ. ಗ್ರಂಥಾಲಯ ನಡೆಸುವ ಮೇಡಂ ಊಟಕ್ಕೆ ಹೋಗಿದ್ದರು. ಕೆಂಪು ಇದೆಯಲ್ಲ, ಯಾರೂ ಮುಟ್ಟುವುದಿಲ್ಲ ಅಂದುಕೊಂಡು ಚಿಕ್ಕಮ್ಮ ಕೇಬಲ್ಲನ್ನು ಸುತ್ತಿ ಯಂತ್ರದ ಮೇಜಿನ ಹಿಂದೆ ತೂಗುಹಾಕಿ ಹೊರಟಳು.

ಕೆಂಪು ಇರಲಿಲ್ಲ. ಅದು ಮುರಿದ ಪ್ಲಗ್ಗಿನ ಜೊತೆ ಕಸದ ಬುಟ್ಟಿಗೆ ಹೋಗಿತ್ತು.

ಮಾರನೆಯ ದಿನ ಅತ್ತಿಗೆ ಪತ್ರಿಕೆ ಓದಲಿಲ್ಲ. ಅದರ ಕೇಬಲ್ಲು ಸಡಿಲವಾಗಿತ್ತು. ಶ್ಶಣ್ಣ ಬಗ್ಗಿ ನೋಡಿದಾಗ ಪಕ್ಕದಲ್ಲೇ ಇನ್ನೊಂದು ಕೇಬಲ್ಲು ತೂಗುತ್ತಿತ್ತು. ಅವರು ಅವಸರದ ಮನುಷ್ಯರಲ್ಲ. ಪ್ಲಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದು, ಸುತ್ತ ತಿರುಗಿಸಿ ನೋಡಿದರು. ಕೆಂಪಿಲ್ಲ ಅಂತ ಖಾತ್ರಿಯಾದ ಮೇಲೆಯೇ ಯಂತ್ರಕ್ಕೆ ಚುಚ್ಚಿದರು. ಚಿಟ್ ಅಂತ ಸಣ್ಣ ಸದ್ದು, ಸುಟ್ಟ ವಾಸನೆ, ಅಷ್ಟೇ. ಅತ್ತಿಗೆ ಮಾತು ಬಿಟ್ಟಳು.

ಚಿಕ್ಕಮ್ಮನಿಗೆ ಕರೆ ಹೋಯಿತು. ಅವಳು ಬಂದು ಮೇಜಿನ ಹಿಂದೆ ಕೂತು ಕೇಬಲ್ಲಿನ ತುದಿ ಹಿಡಿದು ನೋಡಿದಳು. ಹೊಸ ಪ್ಲಗ್ಗು ಗಾಜಿನ ಹಾಗೆ ಹೊಳೆಯುತ್ತಿತ್ತು. ಮೇಜಿನ ಆ ಕಡೆ ಮೇಡಂ, "ಇಂಥ ಯಂತ್ರ ಈಗ ಯಾರೂ ತಯಾರಿಸೋದೂ ಇಲ್ಲ, ಬಿಡಿಭಾಗ ಸಿಗೋದೂ ಕಷ್ಟ" ಅನ್ನುತ್ತಿದ್ದರು. ಮೇಲಿನ ಎರಡು ಮಹಡಿಯ ಕೆಲಸವೂ ಚಿಕ್ಕಮ್ಮನಿಗೇ ಅಂತ ಮೇಡಂ ಮಾತು ಕೊಟ್ಟಿದ್ದರು. ಅಷ್ಟು ದೊಡ್ಡ ಕೆಲಸ ಅವಳಿಗೆ ಅದೇ ಮೊದಲು.

ಇಲ್ಲಿಂದ ಮುಂದಿನದನ್ನು ಹೇಳುವಾಗ ಚಿಕ್ಕಮ್ಮ ನನ್ನ ಮುಖ ನೋಡಲಿಲ್ಲ. ಅವಳು ಯೋಚಿಸಿ ಮಾಡಿದ್ದಲ್ಲವಂತೆ, ಕೈ ತಾನೇ ಚೀಲಕ್ಕೆ ಹೋಯಿತಂತೆ. ಹಾಗೆ ಅಂದು, ಮರುಗಳಿಗೆ, "ಇಲ್ಲ, ಅದು ಸುಳ್ಳು. ಯೋಚಿಸೇ ಮಾಡಿದೆ" ಅಂದಳು. ಶೀಶೆ ತೆಗೆದು, ಪ್ಲಗ್ಗಿನ ಎರಡೂ ಪಕ್ಕಕ್ಕೆ ಬಣ್ಣ ಹಚ್ಚಿ, ಮೇಜಿನ ಹಿಂದೆ ಬಗ್ಗಿಕೊಂಡೇ ಬಾಯಿಂದ ಊದಿ ಒಣಗಿಸಿದಳು. ಆಮೇಲೆ ಎದ್ದು, ಬಾಯಲ್ಲಿ ಏನೂ ಹೇಳದೆ, ಪ್ಲಗ್ಗನ್ನು ಎತ್ತಿ ತೋರಿಸಿದಳು.

ಮೇಡಂ ನೋಡಿದರು. "ಕೆಂಪಿದೆಯಲ್ರೀ" ಅಂತ ಶ್ಶಣ್ಣನ ಕಡೆ ತಿರುಗಿದರು.

ಶ್ಶಣ್ಣ ಪ್ಲಗ್ಗನ್ನು ಚಿಕ್ಕಮ್ಮನ ಕೈಯಿಂದ ತೆಗೆದುಕೊಂಡು ಮತ್ತೆ ಕಿಟಕಿಗೆ ಹೋದರು. ಬೆಳಕಿಗೆ ಹಿಡಿದರು. ತಿರುಗಿಸಿದರು.

"ಕೆಂಪೇ" ಅಂದರು. "ನಾನು ಇಲ್ಲೇ ನಿಂತು ನೋಡಿದೆ ಮೇಡಂ. ನಂಗೆ ಕಾಣ್ಲಿಲ್ಲ."

ಅವರು ಜಗಳವಾಡಿದ್ದರೆ, ಇದು ಮೊದಲು ಇರಲಿಲ್ಲ ಅಂತ ಕೂಗಿದ್ದರೆ, ನಾನೂ ನಾಲ್ಕು ಮಾತು ಆಡಿ ಜಯಿಸಿ ಮನೆಗೆ ಬರುತ್ತಿದ್ದೆ ಅಂತ ಚಿಕ್ಕಮ್ಮ ಹೇಳುತ್ತಾಳೆ. ಅವರು ಒಪ್ಪಿಕೊಂಡುಬಿಟ್ಟರು. ಸುಳ್ಳು ಹೇಳಿದವಳಿಗೆ ಸುಳ್ಳನ್ನು ಕಾಯುವ ಕೆಲಸವೂ ಉಳಿಯಲಿಲ್ಲ.

ಮೇಡಂ ಶ್ಶಣ್ಣನಿಗೆ ಬೈಯಲೂ ಇಲ್ಲ. "ಕಣ್ಣು ತೋರಿಸ್ಕೊಳ್ಳಿ" ಅಂದರು, ಅಷ್ಟೇ.

ಚಿಕ್ಕಮ್ಮ ಮೇಲಿನ ಮಹಡಿಯ ಕೆಲಸಕ್ಕೆ ಬರತೊಡಗಿದಳು. ದಿನಾ ಆ ಕೋಣೆಯ ಬಾಗಿಲು ದಾಟಿಯೇ ಹೋಗಬೇಕು. ಮೊದಮೊದಲು ಏಣಿಯನ್ನು ಬಾಗಿಲಿನ ಕಡೆಯ ಹೆಗಲಿಗೆ ಹಾಕಿಕೊಂಡು ಮುಖ ಮರೆಸಿ ಹೋಗುತ್ತಿದ್ದಳು. ಆದರೂ ಕಿವಿ ಮುಚ್ಚಿಕೊಳ್ಳಲು ಆಗುವುದಿಲ್ಲವಲ್ಲ. ಮಹಡಿ ಗುಡಿಸುವವರಿಂದ ಒಂದೊಂದೇ ಸುದ್ದಿ ಬಂತು. ಶ್ಶಣ್ಣ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರಂತೆ. ಕಣ್ಣು ಚೆನ್ನಾಗಿದೆ ಅಂದರಂತೆ. ಇವರು ನಂಬದೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋದರಂತೆ. ಅವರೂ ಚೆನ್ನಾಗಿದೆ ಅಂದದ್ದಕ್ಕೆ, ಇದು ಡಾಕ್ಟರಿಗೂ ಸಿಗದ ಕಾಯಿಲೆ ಅಂತ ಇನ್ನೂ ಹೆದರಿದರಂತೆ. ಸೈಕಲ್ಲು ಬಿಟ್ಟು ನಡೆದೇ ಬರುತ್ತಿದ್ದಾರಂತೆ. ಪತ್ರಿಕೆಯ ಚಿತ್ರ ಕೇಳಿದರೆ, "ನನ್ನ ಮಾತು ನಂಬ್ಬೇಡಿ" ಅನ್ನುತ್ತಾರಂತೆ.

"ನೆಲಮಾಳಿಗೆಗೆ ಹಾಕಿ ಅಂತ ಅವರೇ ಮೇಡಂನ ಕೇಳಿದ್ದಾರೆ. ಅಲ್ಲಿ ಹಳೇ ಪುಸ್ತಕದ ಗಂಟು ಎತ್ತಿಡೋದು ತಾನೆ, ಕಣ್ಣು ಬೇಡ ಅಂತ" ಎಂದಳು ಗುಡಿಸುವವಳು. "ಬರೋ ವಾರದಿಂದ ಹೋಗ್ತಾರಂತೆ."

ಚಿಕ್ಕಮ್ಮನಿಗೆ ಊಟ ಸೇರುತ್ತಿರಲಿಲ್ಲ. ನಮ್ಮ ಅಮ್ಮ, "ಏನೇ, ಯಾರಿಗೆ ಕೈ ಕೊಟ್ಟು ಬಂದೆ, ಹೀಗೆ ಕೂತಿದ್ದೀಯ" ಅಂತ ತಮಾಷೆಗೆ ಕೇಳಿದಳು. ಚಿಕ್ಕಮ್ಮ ತಟ್ಟೆ ಬಿಟ್ಟು ಎದ್ದು ಹೋದಳು. ಅಮ್ಮನಿಗೆ ಯಾಕೆ ಅಂತ ಆಗ ಗೊತ್ತಾಗಲಿಲ್ಲ.

ಒಂದು ಮಧ್ಯಾಹ್ನ ಅವಳು ಮೆಟ್ಟಿಲ ಮೇಲೆ ಕೂತು ಕೇಬಲ್ಲಿನ ಸಿಪ್ಪೆ ಬಿಡಿಸುತ್ತಿದ್ದಳು. ಶ್ಶಣ್ಣ ಬಂದು ಎರಡು ಮೆಟ್ಟಿಲು ಕೆಳಗೆ ನಿಂತರು. ಕೈಯಲ್ಲಿ ಒಂದು ಕಾಗದದ ಚೀಲ. ಒಳಗಿಂದ ಒಂದು ಅಂಗಿ ತೆಗೆದರು, ಮಗುವಿನದು.

"ತಂಗೀ, ಒಂದು ಸಹಾಯ. ಇದು ಯಾವ ಬಣ್ಣ?"

"ಹಸಿರು ಅಣ್ಣ."

"ನಂಗೂ ಹಸಿರೇ ಕಾಣತ್ತೆ" ಅಂದು ಅವರು ಅಂಗಿಯನ್ನು ಮಡಿಸಿದರು. "ಮೊಮ್ಮಗಳಿಗೆ ಅಂತ ತಗೊಂಡೆ. ಅಂಗಡಿಯವನ ಹತ್ರ ಕೇಳಿದೆ, ಅವನೂ ಹಸಿರು ಅಂದ. ಆದ್ರೂ ನಿನ್ನ ಕೇಳೋಣ ಅನ್ನಿಸ್ತು. ನೀನು ಬಣ್ಣ ನೋಡಿ ಕೆಲಸ ಮಾಡೋಳು. ಆ ಸಣ್ಣ ಸಣ್ಣ ತಂತೀನೆಲ್ಲ ಬಣ್ಣ ನೋಡೇ ಜೋಡಿಸ್ತೀಯಲ್ಲ."

ಅವಳ ಕೈಯಲ್ಲಿ ಕಿತ್ತಳೆ, ಹಸಿರು, ನೀಲಿ, ಕಂದು ತಂತಿಗಳು ಬಿಚ್ಚಿಕೊಂಡಿದ್ದವು. ಮೊದಲು ಅವಳು ಅರ್ಧ ದಾರಿಯಲ್ಲೇ ಪಾರಾಗಲು ನೋಡಿದಳು.

"ಅವತ್ತು ಬಣ್ಣ ಮಾಸಿತ್ತೇನೋ ಅಣ್ಣ. ಮಾಸಿದ್ರೆ ಯಾರಿಗೂ ಕಾಣಲ್ಲ."

"ಇಲ್ಲಮ್ಮ. ನೀನು ಎತ್ತಿ ತೋರಿಸ್ದಾಗ ರಕ್ತದ ಹಾಗೆ ಇತ್ತು. ಅಂಥದ್ದು ನಂಗೆ ಕಾಣ್ಲಿಲ್ಲ ಅಂದ್ರೆ ನೋಡು. ನಿನ್ನೆ ನಮ್ಮನೆಯವಳ ಕೈ ಹಿಡ್ಕೊಂಡು ರಸ್ತೆ ದಾಟಿದೆ. ಸಿಗ್ನಲ್ ದೀಪ ಕೆಂಪೋ ಹಸಿರೋ ಅಂತ ನನ್ನ ಕಣ್ಣೇ ನಂಗೆ ಧೈರ್ಯವಾಗಿ ಹೇಳ್ಲಿಲ್ಲ."

ಚಿಕ್ಕಮ್ಮ ಕೇಬಲ್ಲು ಕೆಳಗಿಟ್ಟಳು.

"ಅಣ್ಣ, ನೀವು ನೋಡ್ದಾಗ ಕೆಂಪು ಇರ್ಲಿಲ್ಲ."

"ಇತ್ತಲ್ಲ."

"ಇರ್ಲಿಲ್ಲ. ಹಳೇ ಪ್ಲಗ್ಗು ಕತ್ತರಿಸಿ ಹೊಸದು ಹಾಕ್ದೆ, ಬಣ್ಣ ಹಚ್ಚೋದು ಮರ್ತೆ. ಯಂತ್ರ ಸುಟ್ಟ ಮೇಲೆ ಮೇಜಿನ ಹಿಂದೆ ಕೂತು ಹಚ್ಚಿದೆ. ಆಮೇಲೆ ನಿಮಗೆ ತೋರಿಸ್ದೆ."

ಶ್ಶಣ್ಣ ಅಂಗಿಯನ್ನು ಚೀಲಕ್ಕೆ ಹಾಕಿದರು, ಮತ್ತೆ ಹೊರಗೆ ತೆಗೆದರು.

"ಮೊದಲ್ನೇ ಸಲ ನಾನು ಕಿಟಕಿ ಹತ್ರ ಹಿಡಿದು ನೋಡಿದ್ನಲ್ಲ, ಆಗ?"

"ಬರೀ ಪ್ಲಗ್ಗು ಅಣ್ಣ. ನೀವು ಸರಿಯಾಗೇ ನೋಡಿದ್ರಿ."

"ಸರಿಯಾಗೇ ನೋಡಿದ್ದೆ" ಅಂತ ಅವರು ತಮಗೆ ತಾವೇ ಹೇಳಿಕೊಂಡರು. ಅವರು ಸಮಾಧಾನಪಡುತ್ತಾರೆ ಅಂತ ಚಿಕ್ಕಮ್ಮ ಅಂದುಕೊಂಡಿದ್ದಳು. ಅವರ ಮುಖ ಕಪ್ಪಿಟ್ಟಿತು. "ಯಂತ್ರ ಸುಟ್ಟಿದ್ದು ತಪ್ಪು, ಯಾರಿಂದ್ಲೂ ಆಗತ್ತೆ. ನಾನೇ ಸುಟ್ಟೆ ಅಂತ ನೀನು ಹೇಳಿದ್ರೂ ತಡ್ಕೊತಿದ್ದೆ. ನನ್ನ ಕಣ್ಣು ಯಾಕಮ್ಮ ತೆಗ್ದೆ?"

ಚಿಕ್ಕಮ್ಮ ಕಾಲು ಹಿಡಿಯಲು ಬಗ್ಗಿದಳು. ಅವರು ಒಂದು ಮೆಟ್ಟಿಲು ಕೆಳಗಿಳಿದರು.

"ನಂಗೆ ಹೇಳಿದ್ರೆ ಸಾಲ್ದು. ಕೋಣೆಗೆ ಬಾ. ನನ್ನ ಕಣ್ಣು ನಂಬಿದ್ದವರು ಅಲ್ಲಿದ್ದಾರೆ."

ಕೋಣೆಯಲ್ಲಿ ಟೆಲಿಫೋನ್ ಅಜ್ಜ ಮತ್ತು ಇನ್ನೂ ಕೆಲವರು ಕೂತಿದ್ದರು. ಮೂಲೆಯಲ್ಲಿ ಅತ್ತಿಗೆಯ ಮೇಲೆ ಬಟ್ಟೆ ಹೊದಿಸಿತ್ತು. ಚಿಕ್ಕಮ್ಮ ನಿಂತುಕೊಂಡೇ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಯಾರೂ ನಡುವೆ ಬಾಯಿ ಹಾಕಲಿಲ್ಲ. ಶ್ಶಣ್ಣನೂ ಶ್ಶ್ ಅನ್ನಬೇಕಾಗಿ ಬರಲಿಲ್ಲ.

ಕೊನೆಗೆ ಅಜ್ಜ ಕೇಳಿದರು. "ಮೇಜಿನ ಹಿಂದೆ ಹಚ್ಚಿದೆ ಅಂದ್ಯಲ್ಲ, ಆಗ ನಾನು ಎಲ್ಲಿದ್ದೆ?"

"ಅಲ್ಲೇ, ಕುರ್ಚಿಯಲ್ಲೇ ಅಜ್ಜ. ನಿಮಗೆ ಬಣ್ಣದ ವಾಸನೆ ಗೊತ್ತಾಗಿರತ್ತೆ ಅಂತ ದಿನಾ ಹೆದರ್ತಿದ್ದೆ."

"ಅವತ್ತು ನಂಗೆ ನೆಗಡಿ. ಕುರುಡ ಅಂದ ಮಾತ್ರಕ್ಕೆ ಮೂಗು ಕಟ್ಟಲ್ವಾ?"

ಯಾರೋ ನಕ್ಕರು. ಅಜ್ಜ ನಗಲಿಲ್ಲ. "ನಮ್ಮ ಕಾಲದ ಫೋನಿಗೂ ತಂತಿಯಲ್ಲೇ ಕರೆಂಟು ಬರ್ತಿತ್ತು. ಊರೆಲ್ಲ ದೀಪ ಹೋದ್ರೂ ಫೋನು ಮಾತಾಡ್ತಿತ್ತು. ತಂತಿಯಲ್ಲಿ ಏನು ಬರತ್ತೆ ಅಂತ ನಮಗೆ ಕಾಣಲ್ಲ, ಕಳಿಸೋರನ್ನ ನಂಬ್ತೀವಿ. ಕಾಣೋರಿಗೂ ಅದು ಕಾಣಲ್ಲ, ಅವರೂ ನಂಬೇ ಚುಚ್ತಾರೆ. ನಿನ್ನನ್ನ ನಂಬಿದವನ ಮೇಲೇ ತಪ್ಪು ಹೊರಿಸ್ಬಿಟ್ಟೆ. ಮೇಡಂಗೆ ಹೇಳಿದ್ಯಾ?"

"ಇಲ್ಲ."

"ಮತ್ತೆ ಇಲ್ಲಿ ಯಾಕೆ ನಿಂತಿದ್ದೀಯ?"

ಮೇಡಂ ಪೂರ್ತಿ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೇಬಲ್ಲು ಅರ್ಧ ಎಳೆದಿದ್ದ ಮಹಡಿಯನ್ನು ಮುಗಿಸಿ ಕೊಡಿ, ಅದರ ಮೇಲಿನ ಮಹಡಿಗೆ ಬೇರೆಯವರನ್ನು ಕರೆಯುತ್ತೇನೆ ಅಂದರು. ಅದು ನ್ಯಾಯ ಅಂತಲೇ ಚಿಕ್ಕಮ್ಮನಿಗೆ ಅನ್ನಿಸಿತು. ಇಂಜೆಕ್ಟರನ್ನು ಅವಳು ಅವತ್ತೇ ಕಿತ್ತುಹಾಕಿ, ಕೇಳಿ ಕೊಡುವ ಒಳ್ಳೆಯ ಸಣ್ಣ ಪೆಟ್ಟಿಗೆಯೊಂದನ್ನು ತನ್ನ ಕಡೆಯಿಂದ ಹಾಕಿಕೊಟ್ಟಳು. ಅತ್ತಿಗೆಯನ್ನು ರಿಪೇರಿಗೆ ದೂರದ ಊರಿಗೆ ಕಳಿಸಿದ್ದಾರೆ. ಸರಿ ಆಗುತ್ತದೆ ಅಂತ ರಿಪೇರಿಯವರು ಹೇಳಿಲ್ಲ, ಆಗುವುದಿಲ್ಲ ಅಂತಲೂ ಹೇಳಿಲ್ಲ.

ಅದು ಬರುವವರೆಗೆ ಕೋಣೆಯಲ್ಲಿ ಓದುವವರು ಬೇಕಲ್ಲ. ವಾರದ ದಿನಗಳಲ್ಲಿ ಯಾರಾದರೂ ಬರುತ್ತಾರೆ, ಶನಿವಾರ ಯಾರೂ ಸಿಗುವುದಿಲ್ಲ. ಶನಿವಾರ ನಾನು ಬರುತ್ತೇನೆ ಅಂತ ಚಿಕ್ಕಮ್ಮ ತಾನೇ ಕೇಳಿಕೊಂಡಳು. ಅವಳ ಓದು ಏಣಿ ಇಳಿದ ಹಾಗೆ, ಒಂದೊಂದೇ ಮೆಟ್ಟಿಲು. "ಏ ಹಲ್ಲೀ, ಆ ಮಂತ್ರಿ ಇನ್ನೂ ಭಾಷಣ ಮುಗಿಸ್ಲಿಲ್ವೇನೇ? ಅಷ್ಟರಲ್ಲಿ ಚುನಾವಣೆ ಬಂದ್ಬಿಡತ್ತೆ" ಅಂತ ಅಜ್ಜ ಕೆಣಕುತ್ತಾರೆ.

ಶ್ಶಣ್ಣ ನೆಲಮಾಳಿಗೆಗೆ ಹೋಗಲಿಲ್ಲ. ಕೋಣೆಯಲ್ಲೇ ಇದ್ದಾರೆ, ಸೈಕಲ್ಲಿನಲ್ಲೇ ಬರುತ್ತಾರೆ. ಚಿತ್ರ ಬಂದರೆ ಪತ್ರಿಕೆಯನ್ನು ಚಿಕ್ಕಮ್ಮನ ಕೈಯಿಂದ ತೆಗೆದುಕೊಂಡು ತಾವೇ ಹೇಳುತ್ತಾರೆ. ಆದರೆ ಬಣ್ಣ ಹೇಳುವ ಮೊದಲು ಈಗಲೂ ಒಂದು ಸಲ ತಡೆಯುತ್ತಾರೆ. ಆ ತಡೆ ಮುಂಚೆ ಇರಲಿಲ್ಲ. ಅದು ಕೇಳಿಸಿದಾಗಲೆಲ್ಲ ಚಿಕ್ಕಮ್ಮ ತಲೆ ತಗ್ಗಿಸುತ್ತಾಳೆ. ಅವಳನ್ನು ತಂಗೀ ಅಂತ ಅವರು ಮತ್ತೆ ಕರೆದಿಲ್ಲ. ಓದಿ ಮುಗಿದ ಮೇಲೆ "ಆಯ್ತು, ಹೋಗಿ ಬನ್ನಿ" ಅನ್ನುತ್ತಾರೆ.

ಈ ವಾರ ಚಿಕ್ಕಮ್ಮನ ಗಂಟಲು ಪೂರ್ತಿ ಕೂತಿದೆ, ದನಿಯೇ ಹೊರಡುತ್ತಿಲ್ಲ. ಶನಿವಾರ ಹೋಗದಿದ್ದರೆ ತಪ್ಪಿಸಿಕೊಂಡಳು ಅಂದುಕೊಳ್ಳುತ್ತಾರೆ ಅಂತ ಸನ್ನೆಯಲ್ಲೇ ಅಮ್ಮನಿಗೆ ಹೇಳಿ ಅತ್ತಳು. ನಾನು ಶಾಲೆ ಬಿಟ್ಟ ಮೇಲೆ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿಲ್ಲ. ಶಾಲೆಯಲ್ಲಿದ್ದಾಗಲೂ ಎಬ್ಬಿಸಿ ನಿಲ್ಲಿಸಿದರೆ ನಾಲಿಗೆ ಒಣಗುತ್ತಿತ್ತು. ಆದರೂ ಶನಿವಾರ ಚಿಕ್ಕಮ್ಮನ ಬದಲು ನಾನು ಹೋಗಿ ಪತ್ರಿಕೆ ಓದುತ್ತೇನೆ.